ತಾರೀಕಿನ ಚೀಟಿ

ನಾನು ಪುಸ್ತಕ ಹೊಲಿಯುವವಳು. ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುತ್ತಿದ್ದೇನೆ. ಕೋಣೆಯಲ್ಲಿ ಒಂದು ಕಿಟಕಿ, ಒಂದು ಮೇಜು, ಪುಸ್ತಕ ಒತ್ತಿಡುವ ತಿರುಪಿನ ಹಲಗೆ ಒಂದು, ಗೋಂದಿನ ಡಬ್ಬಿ ಒಂದು. ನಾನು ಪುಸ್ತಕಗಳ ನಡುವೆ ಇರುವುದರಿಂದ ಬಹಳ ಓದಿಕೊಂಡಿರಬೇಕು ಎಂದು ಜನ ಭಾವಿಸುತ್ತಾರೆ. ಹಾಗೆ ನೋಡಿದರೆ ಚಪ್ಪಲಿ ಹೊಲಿಯುವವನು ಊರೂರು ಸುತ್ತಿರಬೇಕು. ಹೊಲಿಯಲು ಕೂತವರು ಓದುತ್ತ ಕೂತರೆ ಸಂಜೆಗೆ ಎರಡು ಪುಸ್ತಕವೂ ಮುಗಿಯುವುದಿಲ್ಲ. ನಾನು ಪುಟದ ಸಂಖ್ಯೆ ನೋಡುತ್ತೇನೆ, ದಾರ ನೋಡುತ್ತೇನೆ, ಅಂಚು ನೋಡುತ್ತೇನೆ. ನಡುವೆ ಇರುವುದು ನನಗೆ ಸಂಬಂಧಪಟ್ಟದ್ದಲ್ಲ ಎಂದೇ ಬದುಕಿದವಳು.

ಅಣ್ಣ ನನಗಿಂತ ಹದಿಮೂರು ವರ್ಷಕ್ಕೆ ದೊಡ್ಡವನು. ಅವನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಖಾನೆಯಿಂದ ಎತ್ತಿ ಸಾಲು ಮಾಡುವ ಕೆಲಸ. ಕಾಗದವನ್ನು ತಲೆಕೆಳಗು ಹಿಡಿದರೂ ಓದುತ್ತಿದ್ದ, ಕನ್ನಡಿಯಲ್ಲಿ ತೋರಿಸಿದರೂ ಓದುತ್ತಿದ್ದ. ಇಡೀ ದಿನ ಊರವರ ಕರಪತ್ರ, ಬಿಲ್ಲು, ಲಗ್ನಪತ್ರಿಕೆ ಜೋಡಿಸಿ, ಸಂಜೆ ಎಲ್ಲರೂ ಹೋದ ಮೇಲೆ ತನ್ನ ಕವನಗಳನ್ನು ತಾನೇ ಜೋಡಿಸಿಕೊಂಡ. ಎರಡು ವರ್ಷ ಹಿಡಿಯಿತು. ನಲವತ್ತೆರಡು ಕವನ, ಇನ್ನೂರು ಪ್ರತಿ. ಅದೇ ಅವನ ಮೊದಲ ಪುಸ್ತಕ, ಅದೇ ಕೊನೆಯದು.

ಆ ಇನ್ನೂರು ಪ್ರತಿ ಎಲ್ಲಿ ಹೋದವು ಎಂದು ನನ್ನನ್ನು ಕೇಳಬೇಡಿ, ಹೊಟ್ಟೆ ಉರಿಯುತ್ತದೆ. ನೂರರ ಮೇಲೆ ಅಚ್ಚುಕೂಟದ ಅಟ್ಟದಲ್ಲಿದ್ದವು. ಯಜಮಾನ ಬಾಗಿಲು ಹಾಕಿದಾಗ ಯಂತ್ರವನ್ನು ಗುಜರಿಗೂ ಅಟ್ಟವನ್ನು ರದ್ದಿಗೂ ತೂಗಿದ. ಉಳಿದವು ನೆಂಟರಿಗೆ ಹೋಗಿದ್ದವು. ಚಿಕ್ಕಮ್ಮನ ಮನೆಯಲ್ಲಿ ಒಂದು ಪ್ರತಿ ಕುಂಟುವ ಮಂಚದ ಕಾಲಿನಡಿ ಹತ್ತು ವರ್ಷ ಸೇವೆ ಮಾಡಿತು. ಅಣ್ಣ ಅಲ್ಲಿಗೆ ಹೋದಾಗ ಅದನ್ನು ಕಂಡೂ ಕಾಣದವನಂತೆ ಊಟ ಮಾಡಿ ಬಂದಿದ್ದ. ಅವನ ಕೈಯಲ್ಲಿದ್ದ ಪ್ರತಿಯನ್ನು ಓದಿ ಕೊಡುತ್ತೇನೆಂದು ಒಯ್ದವರು ಇಂದಿಗೂ ಓದುತ್ತಿದ್ದಾರೆ. ಕೊನೆಗೆ ಉಳಿದದ್ದು ನಮ್ಮ ಗ್ರಂಥಾಲಯದ ಕಪಾಟಿನಲ್ಲಿದ್ದ ಒಂದೇ ಒಂದು.

ಜೆರಾಕ್ಸ್ ಮಾಡಿಸಿಡಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಹೌದು, ಮಾಡಿಸಿಡಬಹುದಿತ್ತು.

ಗ್ರಂಥಾಲಯದಲ್ಲಿ ಒಂದು ನಿಯಮವಿದೆ. ಪ್ರತಿ ಪುಸ್ತಕದ ಕೊನೆಯ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿರುತ್ತದೆ. ಯಾರಾದರೂ ಪುಸ್ತಕ ಒಯ್ದರೆ ಅದರ ಮೇಲೆ ತಾರೀಕಿನ ಠಸ್ಸೆ ಬೀಳುತ್ತದೆ. ಮೂರು ವರ್ಷ ಒಂದೂ ಠಸ್ಸೆ ಬೀಳದಿದ್ದರೆ ಪುಸ್ತಕ ರದ್ದು. ಅದು ಚೆನ್ನಾಗಿದೆಯೇ, ಅದರ ಇನ್ನೊಂದು ಪ್ರತಿ ಲೋಕದಲ್ಲಿದೆಯೇ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚೀಟಿ ನೋಡುತ್ತಾರೆ, ಅಷ್ಟೇ.

ಹನ್ನೊಂದು ವರ್ಷದ ಹಿಂದೆ ಒಮ್ಮೆ ಅಣ್ಣನ ಪುಸ್ತಕ ರದ್ದಿನ ರಾಶಿಯಲ್ಲಿ ಕಣ್ಣಿಗೆ ಬಿತ್ತು. ಎತ್ತಿಕೊಂಡು ಕೌಂಟರಿಗೆ ಹೋದೆ. ಅಲ್ಲಿ ಠಸ್ಸೆಪ್ಪ ಕೂತಿರುತ್ತಾನೆ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ನನ್ನ ಕಾರ್ಡಿಗೆ ಪುಸ್ತಕ ಹಾಕಿಸಿಕೊಂಡೆ. ಎರಡು ವಾರವಾದ ಮೇಲೆ ವಾಪಸ್ ತಂದು ನಮ್ಮ ಮನೆಯವರ ಕಾರ್ಡಿಗೆ ಹಾಕಿಸಿದೆ, ಆಮೇಲೆ ಮಗಳ ಕಾರ್ಡಿಗೆ. ಅಂದಿನಿಂದ ವರ್ಷಕ್ಕೆ ಮೂರು ಸಲ ಇದೇ ಕೆಲಸ. ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಹಾಕಿ ಮನೆಯ ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕುತ್ತಿದ್ದೆ, ಹದಿನೈದನೇ ದಿನ ಚೀಲದ ಸಮೇತ ವಾಪಸ್ ಒಯ್ಯುತ್ತಿದ್ದೆ. ಠಸ್ಸೆಪ್ಪ ತುಟಿಪಿಟಕ್ಕೆನ್ನದೆ ಠಸ್ಸೆ ಒತ್ತುತ್ತಿದ್ದ.

ಮಂಡಿ ಹೋದ ಮೇಲೆ ಅಣ್ಣ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದ. ಅವನದು ಎರಡನೇ ಮಹಡಿಯ ಒಂಟಿ ಕೋಣೆ. ಮದುವೆಯಾಗಲಿಲ್ಲ. ಭಾನುವಾರ ನಾನು ಅಡುಗೆಯ ಡಬ್ಬಿ ಒಯ್ದಾಗ ಮೊದಲು ನಮ್ಮ ಮನೆಯವರನ್ನು ವಿಚಾರಿಸುತ್ತಿದ್ದ, ಆಮೇಲೆ ಮಗಳನ್ನು. ವರ್ಷದ ಕೊನೆಯ ಭಾನುವಾರ ಮಾತ್ರ, ಏನೋ ಆಗ ತಾನೇ ನೆನಪಾದವನ ಹಾಗೆ, ಈ ವರ್ಷ ಎಷ್ಟು ಜನ ಒಯ್ದರು ಎಂದು ಕೇಳುತ್ತಿದ್ದ. ನಾನು ಮೂರು ಎನ್ನುತ್ತಿದ್ದೆ. ಎರಡು ಸಲ ಧಾರಾಳವಾಗಿ ನಾಲ್ಕು ಎಂದೆ. ಅವನು ಕಿಟಕಿಯ ಕಡೆ ಮುಖ ಮಾಡಿ, ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿದ್ದ. ಆ ಮುಖ ನೋಡಲಿಕ್ಕಾಗಿ ನಾನು ಇನ್ನೂ ಹನ್ನೊಂದು ವರ್ಷ ಸುಳ್ಳು ಹೇಳಲು ಸಿದ್ಧಳಿದ್ದೆ.

ಒಮ್ಮೆ ಮಾತ್ರ, ತನಗೂ ಒಂದು ಸಲ ನೋಡಬೇಕೆನಿಸುತ್ತದೆ, ತರುತ್ತೀಯಾ ಎಂದು ಕೇಳಿದ. ಪುಸ್ತಕ ಆಗ ನನ್ನ ಬಾಗಿಲ ಹಿಂದೆ ನೇತಾಡುತ್ತಿತ್ತು. ತಂದರೆ ಗುಟ್ಟು ರಟ್ಟಾಗುತ್ತದಲ್ಲ ಎಂದು, ಯಾರೋ ಒಯ್ದಿದ್ದಾರೆ, ಬಂದ ಮೇಲೆ ತರುತ್ತೇನೆ ಎಂದುಬಿಟ್ಟೆ.

"ಹಾಗಾದ್ರೆ ಬೇಡ ಬಿಡು," ಎಂದ ಅಣ್ಣ. "ಅವರು ನಿಧಾನವಾಗಿ ಓದಿ ಮುಗಿಸ್ಲಿ."

ಆಮೇಲೆ ಅವನು ಕೇಳಲಿಲ್ಲ, ನಾನೂ ಒಯ್ಯಲಿಲ್ಲ.

ಈ ವರ್ಷ ನಮಗೆ ಹೊಸ ಗ್ರಂಥಪಾಲಕಿ ಬಂದರು. ಬಂದವರೇ ‘ಕಾವ್ಯ, ಓದು ಮತ್ತು ಪರಂಪರೆಯ ಉತ್ಸವ’ ಮಾಡೋಣ ಎಂದರು. ಊರಿನ ಕವಿಗಳ ಪುಸ್ತಕಗಳಿಂದ ಒಂದೊಂದು ಕವನ ಓದುವುದು, ಕವಿ ಬದುಕಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸುವುದು, ಓದುವವರು ಎಲ್ಲರೆದುರು ಕಪಾಟಿನ ತನಕ ನಡೆದುಹೋಗಿ ಪುಸ್ತಕ ಎತ್ತಿಕೊಂಡು ಬರುವುದು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಾನಾಗಿಯೇ ಮೇಲಿನವರ ಕೋಣೆಗೆ ಹೋಗಿ ಬಾಯಿ ಬಿಟ್ಟೆ. ನಮ್ಮಣ್ಣನೂ ಒಂದು ಪುಸ್ತಕ ಬರೆದಿದ್ದಾನೆ ಮೇಡಂ ಎಂದೆ. ಅವರು ಖುಷಿಯಿಂದ ಹೆಸರು ಬರೆದುಕೊಂಡರು. ಕೆಟ್ಟವರಲ್ಲ, ಈಗಲೂ ಹೇಳುತ್ತೇನೆ.

ಅಣ್ಣನಿಗೆ ಹೇಳಿದಾಗ ಮೊದಲು ಮೂಗು ಮುರಿದ. ಈ ವಯಸ್ಸಿನಲ್ಲಿ ಮೆರವಣಿಗೆ ಬೇಕಾ ಎಂದ. ಮುಂದಿನ ಭಾನುವಾರ ಹೋದಾಗ ಕನ್ನಡಕಕ್ಕೆ ಹೊಸ ಕಡ್ಡಿ ಹಾಕಿಸಿಕೊಂಡು ಕೂತಿದ್ದ. ಯಾವ ಕವನ ಓದುತ್ತಾರಂತೆ ಎಂದು ಎರಡು ಸಲ ಕೇಳಿದ. ಅವರಿಗೆ ಇಷ್ಟವಾದದ್ದು ಎಂದೆ. ಸರಿ, ಯಾವುದಾದರೂ ಆಗಲಿ, ಒಂದು ಸಲ ಕಿವಿಗೆ ಬಿದ್ದರೆ ಸಾಕು ಎಂದ.

ಅಂಥ ಪುಸ್ತಕ ಹರಿದ ರಟ್ಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದೇ? ಕಪಾಟಿನಿಂದ ತೆಗೆದುಕೊಂಡು ಬಂದು ಬಿಚ್ಚಿದೆ. ಒಂದೊಂದು ಹಾಳೆಯ ಅಂಚಿಗೂ ತೆಳು ಕಾಗದ ಹಚ್ಚಿದೆ. ಮೇಣ ಸವರಿದ ದಾರದಲ್ಲಿ ಹೊಲಿದೆ. ಯಾವುದೋ ದೊಡ್ಡ ಕೆಲಸಕ್ಕೆಂದು ವರ್ಷಗಳಿಂದ ಎತ್ತಿಟ್ಟಿದ್ದ ಕೆಂಪು ಬಟ್ಟೆಯನ್ನು ರಟ್ಟಿಗೆ ಹೊದಿಸಿದೆ. ಬೆನ್ನ ಮೇಲೆ ಅಣ್ಣನ ಹೆಸರನ್ನು ಬಂಗಾರದ ಅಕ್ಷರದಲ್ಲಿ ಒತ್ತಿದೆ. ಮೂರು ದಿನ ಹಲಗೆಯ ನಡುವೆ ಒತ್ತಿಟ್ಟು ತೆಗೆದಾಗ, ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಆಗಿಲ್ಲ ಎಂದು ನನಗೇ ಗೊತ್ತಾಯಿತು.

ಹೊಸ ರಟ್ಟು ಎಂದ ಮೇಲೆ ಹೊಸ ಚೀಟಿ. ಹಳೆಯದನ್ನು ಕಿತ್ತು ಬಿಸಾಡುತ್ತೇವೆ. ಆದರೆ ಬಿಸಾಡುವ ಮೊದಲು ಪುಸ್ತಕವನ್ನು ಕೌಂಟರಿಗೆ ಒಯ್ದು, ಹಳೆಯ ಚೀಟಿಯ ಕೊನೆಯ ತಾರೀಕನ್ನು ಹೊಸದರ ಮೇಲೆ ಬರೆಸಿಕೊಂಡು ಬರಬೇಕು. ಸಾವಿರಾರು ಪುಸ್ತಕಕ್ಕೆ ಬರೆಸಿದ್ದೇನೆ. ಅಣ್ಣನ ಪುಸ್ತಕಕ್ಕೆ ಬರೆಸಲಿಲ್ಲ. ಮರೆತದ್ದಲ್ಲ. ಠಸ್ಸೆಪ್ಪನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಆ ನೀಲಿ ಮಸಿ ಬೇರೆ ಸೋರುತ್ತದೆ. ಅಷ್ಟು ಚೊಕ್ಕ ಪುಸ್ತಕದೊಳಗೆ ಆ ಗೀಚು ಬೇಡ, ಉತ್ಸವ ಮುಗಿದ ಮೇಲೆ ಬರೆಸಿದರಾಯಿತು ಎಂದುಕೊಂಡೆ. ಬಿಳೀ ಚೀಟಿಯನ್ನು ಅಂಟಿಸಿ, ಪುಸ್ತಕವನ್ನು ಕಪಾಟಿನಲ್ಲಿ ಅದರ ಜಾಗದಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಇಡೀ ಸಾಲಿನಲ್ಲಿ ಅದೊಂದೇ ಕಾಣುತ್ತಿತ್ತು.

ಮರುದಿನದಿಂದ ಎಂಟು ದಿನ ರಜೆ ಹಾಕಿದ್ದೆ. ನಮ್ಮ ಮನೆಯವರಿಗೆ ಕಣ್ಣಿನ ಆಪರೇಷನ್ ಇತ್ತು.

ಉತ್ಸವದ ದಿನ ಬೆಳಿಗ್ಗೆ ಅಣ್ಣನನ್ನು ಎರಡು ಮಹಡಿ ಇಳಿಸಲು ನಲವತ್ತು ನಿಮಿಷ ಬೇಕಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವಾಗಲೂ ಹಿಂಭಾಗ ಕೊಳೆಯಾಗದಂತೆ ಕೆಳಗೆ ಪೇಪರು ಹಾಸಿಕೊಂಡ. ಗ್ರಂಥಾಲಯದ ಸಭಾಂಗಣಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಅವನ ಹೆಸರಿನ ಚೀಟಿ ಅಂಟಿಸಿದ ಕುರ್ಚಿ ಕಾದಿತ್ತು. ವೇದಿಕೆಯ ಮೇಲೆ, ಕಿಟಕಿಗಳಲ್ಲಿ, ಕಂಬಗಳ ನಡುವೆ, ಎಲ್ಲೆಲ್ಲೂ ಕಾಗದದ ಹೂವು. ಅಚ್ಚಾದ ಹಾಳೆಗಳನ್ನು ದುಂಡಗೆ ಕತ್ತರಿಸಿ, ನಾಲ್ಕೈದನ್ನು ಪೋಣಿಸಿ ಅರಳಿಸಿದ ಹೂವುಗಳು. ಹಳೆಯ ಪುಟಗಳಿಂದಲೇ ಮಾಡಿಸಿದ್ದು, ಪರಂಪರೆ ಅನ್ನೋದು ಕಣ್ಣಿಗೆ ಕಾಣಲಿ ಅಂತ ಎಂದರು ಗ್ರಂಥಪಾಲಕಿ. ಚೆನ್ನಾಗಿದೆ ಮೇಡಂ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಅಣ್ಣನನ್ನು ಕೂರಿಸಿ, ಪುಸ್ತಕವನ್ನೊಮ್ಮೆ ನೋಡಿ ಬರೋಣ ಎಂದು ಕಪಾಟಿನ ಬಳಿ ಹೋದೆ. ಸಾಲಿನಲ್ಲಿ ಕೆಂಪು ಕಾಣಲಿಲ್ಲ. ಕಪಾಟುಗಳೆಲ್ಲ ಅರ್ಧಕ್ಕರ್ಧ ಖಾಲಿಯಾಗಿ, ಬೀಳದಂತೆ ಪುಸ್ತಕಗಳನ್ನು ಓರೆಯಾಗಿ ನಿಲ್ಲಿಸಿದ್ದರು. ಓದುವವರು ಆಗಲೇ ಒಯ್ದಿರಬೇಕು ಎಂದುಕೊಂಡು ಕೌಂಟರಿಗೆ ಬಂದು ಠಸ್ಸೆಪ್ಪನನ್ನು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

ನಾನು ರಜೆಯಲ್ಲಿದ್ದಾಗ ಮುಖ್ಯ ಕಚೇರಿಯಿಂದ ನಾಲ್ಕು ಜನ ಬಂದರಂತೆ. ಉತ್ಸವಕ್ಕೆ ಮೊದಲು ಕಪಾಟು ಚೊಕ್ಕಟವಾಗಬೇಕೆಂದು ಒಂದೊಂದೇ ಪುಸ್ತಕದ ಕೊನೆಯ ರಟ್ಟು ತೆರೆದು ನೋಡಿದರಂತೆ. ಅವನನ್ನು ಕುರ್ಚಿ ಹೊರಲು ಕಳಿಸಿದ್ದರಂತೆ.

"ಚೀಟಿ ಪೂರ್ತಿ ಬಿಳಿ ಇತ್ತಂತಮ್ಮ," ಎಂದ. "ಯಾರೂ ಮುಟ್ಟೇ ಇಲ್ಲ ಅಂತ ಮೊದಲನೇ ರಾಶಿಗೇ ಹಾಕಿದ್ರಂತೆ. ನಾನು ನೋಡೋ ಹೊತ್ತಿಗೆ ರಟ್ಟು ಮಾತ್ರ ಉಳಿದಿತ್ತು."

ಮೇಜಿನ ಕೆಳಗಿನಿಂದ ಅದನ್ನು ತೆಗೆದುಕೊಟ್ಟ. ಕೆಂಪು ಬಟ್ಟೆ, ಬಂಗಾರದ ಹೆಸರು, ಒಳಗೆ ನನ್ನ ಕೈಯಾರೆ ಅಂಟಿಸಿದ ಬಿಳೀ ಚೀಟಿ. ನಡುವೆ ಏನೂ ಇಲ್ಲ. ಹೊಲಿಗೆಯನ್ನು ಬ್ಲೇಡಿನಿಂದ ಕೊಯ್ದಿದ್ದರು. ತಲೆಯೆತ್ತಿ ನೋಡಿದರೆ ಸಭಾಂಗಣದ ಬಾಗಿಲಿನ ಮೇಲೂ ಹೂವುಗಳೇ.

ಗ್ರಂಥಪಾಲಕಿಗೆ ವಿಷಯ ತಿಳಿದಾಗ ಅವರ ಮುಖ ಬಿಳಿಚಿಕೊಂಡಿತು. ನನ್ನ ಕೈ ಹಿಡಿದುಕೊಂಡರು. ಕಾರ್ಯಕ್ರಮ ಆಗಲೇ ಶುರುವಾಗಿತ್ತು, ಇನ್ನೇನು ಮಾಡುವುದು? ಪುಸ್ತಕದ ಬದಲು ಕವಿಯ ಬಾಯಿಂದಲೇ ಕೇಳೋಣ, ಅದು ಇನ್ನೂ ಚೆನ್ನಾಗಿರುತ್ತದೆ ಎಂದರು. ಅಣ್ಣನಿಗೆ ಮೊದಲೇ ಹೋಗಿ ಹೇಳಬೇಕಿತ್ತು. ಹೋದೆ ಕೂಡ. ಅವನು ಕುರ್ಚಿಗೆ ಒರಗಿ, ಕತ್ತು ಮೇಲೆತ್ತಿ, ವೇದಿಕೆಯ ಮೇಲಿನ ಹೂವುಗಳನ್ನು ಒಂದೊಂದಾಗಿ ನೋಡುತ್ತಿದ್ದ. ಮದುವೆಯ ಮನೆಗೆ ಬಂದವನ ಹಾಗೆ ನೋಡುತ್ತಿದ್ದಾನೆ ಎಂದುಕೊಂಡೆ. ಹೇಳದೆ ಪಕ್ಕದ ಗೋಡೆಗೆ ಒರಗಿ ನಿಂತೆ.

ಇಬ್ಬರ ಕವನ ಓದಿದ ಮೇಲೆ ಅಣ್ಣನ ಹೆಸರು ಕೂಗಿದರು. ಮೈಕನ್ನು ಅವನ ಕುರ್ಚಿಗೇ ತಂದುಕೊಟ್ಟರು. ಗ್ರಂಥಪಾಲಕಿ ನಗುನಗುತ್ತ, ನಿಮ್ಮದೇ ಒಂದು ಕವನ ಬಾಯಿಪಾಠ ಹೇಳಬೇಕು ಎಂದು ಕೇಳಿಕೊಂಡರು. ಅಣ್ಣ ಮೈಕನ್ನು ಬಾಯಿಯ ಹತ್ತಿರ ಹಿಡಿದ. ಆಮೇಲೆ ನಿಧಾನವಾಗಿ ಹೇಳಿದ:

"ನನಗೆ ಒಂದೂ ನೆನಪಿಲ್ಲ. ಜೋಡಿಸಿದ ಮೊಳೆ ಬಿಚ್ಚಿ ಖಾನೆಗೆ ಹಾಕಿದ ದಿನವೇ ತಲೆಯಿಂದಲೂ ಹೋಯ್ತು. ಆದ್ರೆ ನನ್ನ ತಂಗಿ ಇಲ್ಲೇ ಕೆಲಸ ಮಾಡ್ತಾಳೆ. ಅವಳಿಗೆ ಗೊತ್ತು. ಹನ್ನೊಂದು ವರ್ಷದಿಂದ ಮೂರು ಕಾರ್ಡ್ ಇಟ್ಕೊಂಡು ನನ್ನ ಪುಸ್ತಕ ಮನೆಗೆ ಒಯ್ದು ಓದ್ತಾಳೆ. ಠಸ್ಸೆಪ್ಪ ಮೊದಲ ವರ್ಷವೇ ನನ್ನ ಕೋಣೆಗೆ ಬಂದು ಹೇಳಿದ್ದ. ಓದುಗರು ಮೂರು ಜನ ಅಂತ ಅವಳು ಸುಳ್ಳು ಹೇಳ್ತಿದ್ಲು. ನನಗೆ ಇವಳೊಬ್ಬಳೇ ಸಾಕಾಗಿತ್ತು. ಬಾ ಪುಟ್ಟಿ, ಯಾವುದಾದ್ರೂ ಒಂದು ಹೇಳು."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಯಾರೋ ಕಣ್ಣೊರೆಸಿಕೊಂಡರು. ಐವತ್ತೆಂಟು ವರ್ಷದ ನನ್ನನ್ನು ಪುಟ್ಟಿ ಎಂದದ್ದಕ್ಕೆ ಹಿಂದಿನ ಸಾಲಿನವರಿಗೆ ಬಹಳ ಸಂತೋಷವಾಯಿತು. ನನ್ನನ್ನು ವೇದಿಕೆಗೆ ಹತ್ತಿಸಿದರು.

ಆ ಪುಸ್ತಕವನ್ನು ನಾನು ಮೂವತ್ತಕ್ಕೂ ಹೆಚ್ಚು ಸಲ ಮನೆಗೆ ಒಯ್ದಿದ್ದೇನೆ. ಅದರ ಒಂದೊಂದು ಹಾಳೆಯನ್ನೂ ಈ ಬೆರಳುಗಳಿಂದ ಸವರಿದ್ದೇನೆ. ಎಷ್ಟನೇ ಪುಟದಲ್ಲಿ ಕಲೆ ಇತ್ತು, ಎಷ್ಟನೆಯದರ ಮೂಲೆ ಮಡಿಚಿತ್ತು ಎಂದು ಹೇಳಬಲ್ಲೆ. ಓದಿರಲಿಲ್ಲ. ಒಂದು ಕವನವನ್ನೂ, ಒಂದು ಸಾಲನ್ನೂ ಓದಿರಲಿಲ್ಲ. ಯಾಕೆ ಎಂದರೆ ಏನು ಹೇಳಲಿ? ಮೊದಲು ಸಂಕೋಚವಿತ್ತು, ಅಣ್ಣನ ಪೆಟ್ಟಿಗೆ ತೆರೆದು ನೋಡಿದ ಹಾಗೆ. ಆಮೇಲೆ ಪುರುಸೊತ್ತಿರಲಿಲ್ಲ. ಆಮೇಲೆ ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಒಂದು ದಿನ ಕೂತು ಓದಿದರಾಯಿತು ಎಂದುಕೊಂಡೆ. ಅದನ್ನು ಉಳಿಸುವುದರಲ್ಲೇ ನನ್ನ ಪಾಲಿನದು ಮುಗಿಯಿತು ಎಂದು ತಿಳಿದಿದ್ದೆ.

ನೂರು ಜನ ಕಾಯುತ್ತಿದ್ದರು. ಅಣ್ಣ ಕೋಲಿನ ಮೇಲೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದ. ಏನಾದರೂ ಮಾಡಲೇಬೇಕಿತ್ತು. ಕೈ ಚಾಚಿ ಬಲಗಡೆ ತೂಗುತ್ತಿದ್ದ ಒಂದು ಹೂವನ್ನು ಕಿತ್ತುಕೊಂಡೆ. ನಮ್ಮಣ್ಣನ ಪುಸ್ತಕ ಈಗ ಈ ರೂಪದಲ್ಲಿದೆ ಎಂದೆ. ಎಸಳು ಬಿಡಿಸಿ, ಮೇಲೆ ಕೆಳಗೆ ಕತ್ತರಿಸಿಹೋಗಿ ಉಳಿದ ಸಾಲುಗಳನ್ನು ಇದ್ದ ಹಾಗೆಯೇ ಓದಿದೆ:

"ಗಾಯ ಒಣಗುವ ತನಕ ನೀರು
ಬೇಡ. ಹಳೆಯ ಬೇರು ಹೊಸ ಮಣ್ಣಿಗೆ
ಹೆದರುವುದು ಸಹಜ. ಕೆಲವು ದಿನ
ನೆರಳಿನಲ್ಲಿಟ್ಟು ಸುಮ್ಮನೆ"

ಅಲ್ಲಿಗೆ ಕತ್ತರಿ ಬಿದ್ದಿತ್ತು. ನನ್ನ ದನಿಯೂ ಅಲ್ಲಿಗೆ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗ್ರಂಥಪಾಲಕಿ ಅತ್ತೇಬಿಟ್ಟರು. ಎಂಥ ಕವಿ, ಇಷ್ಟು ದಿನ ಎಲ್ಲಿದ್ದರು ಎಂದು ಒಬ್ಬರು ಅಣ್ಣನ ಕೈ ಕುಲುಕಿದರು. ಅಣ್ಣ ಎಲ್ಲರಿಗೂ ತಲೆಬಾಗಿ ಕೈಮುಗಿದ. ನಾನೂ ಬಚಾವಾದೆ ಎಂದುಕೊಂಡೆ. ನಾಚಿಕೆಗೇಡು, ಆದರೆ ಹಾಗೆಯೇ ಅಂದುಕೊಂಡೆ.

ವಾಪಸ್ ಹೋಗುವಾಗ ಆಟೋದಲ್ಲಿ ಅವನು ಹೊರಗೆ ನೋಡುತ್ತ ಕೂತಿದ್ದ. ಎರಡು ತಿರುವು ದಾಟಿದ ಮೇಲೆ, ಆಟೋದವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ.

"ಅದು ನಂದಲ್ಲ ಪುಟ್ಟಿ."

ನಾನು ಅವನ ಕಡೆ ತಿರುಗಿದೆ.

"ಯಾವುದೋ ಗುಲಾಬಿ ಗಿಡ ಬೆಳೆಸೋ ಪುಸ್ತಕ. ಅಚ್ಚೂ ನಮ್ಮ ಅಚ್ಚುಕೂಟದ್ದಲ್ಲ. ನಂದು ನಿನ್ನ ತಲೆ ಮೇಲೆ ಎಡಗಡೆ ಇತ್ತು. ಕೈ ಚಾಚಿದ್ರೆ ಸಿಕ್ತಿತ್ತು."

ಸಭಾಂಗಣಕ್ಕೆ ಹೋದ ತಕ್ಷಣವೇ ಅವನಿಗೆ ಎಲ್ಲ ಗೊತ್ತಾಗಿತ್ತು. ತಾನು ಒಂದೊಂದಾಗಿ ಎತ್ತಿ ಜೋಡಿಸಿದ ಅಕ್ಷರಗಳು ಎಲ್ಲಿ ಹೇಗೆ ನೇತಾಡಿದರೂ ಅವನ ಕಣ್ಣು ತಪ್ಪುವಂತಿರಲಿಲ್ಲ. ಪುಸ್ತಕ ಹೋಯಿತು ಎಂದು ತಿಳಿದ ಮೇಲೂ ಅವನು ನನ್ನನ್ನು ಕರೆದದ್ದು, ಅದು ನನ್ನ ತಲೆಯಲ್ಲಾದರೂ ಉಳಿದಿರುತ್ತದೆ ಎಂಬ ಧೈರ್ಯದಿಂದ.

"ಒಂದೂ ಓದಿಲ್ವಾ?" ಎಂದು ಕೇಳಿದ.

"ಇಲ್ಲ ಅಣ್ಣ," ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ತಲೆಯಾಡಿಸಿ, ನಮ್ಮ ಮನೆಯವರ ಕಣ್ಣಿನ ಪಟ್ಟಿ ಯಾವಾಗ ಬಿಚ್ಚುತ್ತಾರೆ ಎಂದು ವಿಚಾರಿಸಿದ. ನಾಡಿದ್ದು ಎಂದೆ. ಎರಡು ಮಹಡಿ ಹತ್ತಲು ಒಂದು ಗಂಟೆ ಹಿಡಿಯಿತು. ಈ ಸಲ ಅವನು ಕೂರುವಾಗ ಪೇಪರು ಹಾಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕಸದವರು ಬರುವ ಮೊದಲೇ ಹೋಗಿ ಏಣಿ ಹಾಕಿ ಹೂವುಗಳನ್ನೆಲ್ಲ ಇಳಿಸಿದೆ. ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಹರಡಿದೆ. ದುಂಡನೆಯ ಕಾಗದದ ಚೂರುಗಳು, ಸಾವಿರಕ್ಕೂ ಹೆಚ್ಚು. ನಾನು ಹಚ್ಚಿದ ತೆಳು ಕಾಗದದಿಂದ ಗುರುತು ಹಿಡಿಯೋಣವೆಂದರೆ ಅದೆಲ್ಲ ಅಂಚಿನಲ್ಲಿತ್ತು, ಅಂಚುಗಳು ಕತ್ತರಿಗೆ ಹೋಗಿದ್ದವು. ಗುಲಾಬಿ ಗಿಡದ್ದು, ರೇಡಿಯೋ ರಿಪೇರಿಯದು, ಎಲ್ಲ ಬೆರೆತಿವೆ. ಅವನ್ನು ಬೇರೆ ಮಾಡಿದರೂ ಕವನದ ಪುಸ್ತಕಗಳೇ ಹನ್ನೆರಡು ರದ್ದಾಗಿದ್ದವಂತೆ. ಈಗ ಓದುತ್ತಿದ್ದೇನೆ. ಸಂಜೆ ಕೆಲಸ ಮುಗಿದ ಮೇಲೆ ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತೇನೆ. ಕೆಲವನ್ನು ಓದುವಾಗ ಇದು ಅವನದೇ ಎನಿಸುತ್ತದೆ. ಮುಂದಿನದನ್ನು ಓದಿದರೆ ಅದೂ ಹಾಗೆಯೇ ಎನಿಸುತ್ತದೆ. ಅಣ್ಣ ಎಂಥ ಮಾತು ಬರೆಯುತ್ತಿದ್ದ ಎಂದು ನನಗೆ ಗೊತ್ತಿಲ್ಲ.

ಆರಿಸಿ ಕೊಡಬಲ್ಲವನು ಒಬ್ಬನೇ. ಭಾನುವಾರ ಡಬ್ಬಿ ಒಯ್ಯುವಾಗಲೆಲ್ಲ ಚೂರುಗಳ ಚೀಲವನ್ನೂ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಅವನ ಕೋಣೆಯ ಬಾಗಿಲ ತನಕ ಹೋದ ಮೇಲೆ ಅದನ್ನು ಹೊರಗೆ ಮೆಟ್ಟಿಲ ಮೇಲಿಟ್ಟು ಒಳಗೆ ಹೋಗುತ್ತೇನೆ. ಮೊನ್ನೆ ವರ್ಷದ ಕೊನೆಯ ಭಾನುವಾರ ಬಂತು. ಊಟ ಮುಗಿಸಿ, ಅವನು ಕೈ ಒರೆಸಿಕೊಳ್ಳುವ ತನಕ ಕಾದೆ. ನಮ್ಮ ಮನೆಯವರನ್ನು ವಿಚಾರಿಸಿದ, ಆಮೇಲೆ ಮಗಳನ್ನು ವಿಚಾರಿಸಿದ. ಅಷ್ಟೇ ಕೇಳಿದ.